ಫಿನಾಯಿಲ್ ಸುರಿದ ಕಪ್ಪೆಚಿಪ್ಪು

ಮೀನುಪೇಟೆಯ ಹಿಂದಿನ ಮನೆ,
ಭಾನುವಾರ, ಮಾರ್ಚ್ ಹದಿನಾಲ್ಕು

ಪ್ರೀತಿಯ ಅಮ್ಮಾ,

ಮೊದಲು ನಿನ್ನ ಭುಜದ ಸಮಾಚಾರ ಹೇಳು. ಆಪರೇಷನ್ ಮಾಡಿದ ಡಾಕ್ಟರು ಹೇಳಿಕೊಟ್ಟ ಹಾಗೆ ಬೆರಳುಗಳನ್ನು ಜೇಡನ ಕಾಲಿನಂತೆ ಗೋಡೆಯ ಮೇಲೆ ಹತ್ತಿಸುತ್ತಿದ್ದೀಯೋ, ಇಲ್ಲ ಅಕ್ಕನ ಅಡುಗೆಮನೆಗೆ ನುಗ್ಗಿ ಎಡಗೈಯಲ್ಲೇ ಪಾತ್ರೆ ಉಜ್ಜುತ್ತಿದ್ದೀಯೋ? ಅಕ್ಕ ಫೋನಿನಲ್ಲಿ ಪಿಸುಮಾತಿನಲ್ಲಿ ದೂರು ಹೇಳಿದಳು. ಭಾವ ಸಜ್ಜನರು, ಅತ್ತೆಗೆ ಎದುರಾಡುವುದಿಲ್ಲ. ಅದನ್ನೇ ನೆಪ ಮಾಡಿಕೊಂಡು ಮೆರೆಯಬೇಡ. ಈ ವಿಷಯಗಳನ್ನು ನಾನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಅರ್ಧ ಮಾತಿಗೇ ಬೈಯಲು ಶುರು ಮಾಡುತ್ತೀಯ. ಕಾಗದವಾದರೆ ಪೂರ್ತಿ ಓದಿದ ಮೇಲೇ ಬೈಯಬೇಕು.

ನಿನ್ನ ಮೀನಿನಂಗಡಿ ನಡೆಯುತ್ತಿದೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿಕೊಂಡು, ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿದವಳಿಗೆ ದಿನವಿಡೀ ಒದ್ದೆ ನೆಲದ ಮೇಲೆ ನಿಲ್ಲುವುದು ಮೊದಲು ಕಷ್ಟವಾಯಿತು. ಮೀನಿನ ಮೈಯ ಹುರುಪೆ ಕೆರೆಯುವಾಗ ಅರ್ಧ ನನ್ನ ಕೂದಲಿಗೇ ಬರುತ್ತಿತ್ತು. ಈಗ ಕೈ ಪಳಗಿದೆ. ಆದರೆ ಅಮ್ಮಾ, ಕತ್ತಿಗಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಗಿರಾಕಿಗಳ ಪ್ರಶ್ನೆಗಳು. ನೀನು ಇಷ್ಟು ವರ್ಷ ಬರೀ ಮೀನು ಮಾರಿದ್ದೀಯ ಎಂದುಕೊಂಡಿದ್ದೆ. ಮೀನಿನ ಜೊತೆ ಉತ್ತರವನ್ನೂ ಕಟ್ಟಿಕೊಡುತ್ತಿದ್ದೆ ಅಂತ ಗೊತ್ತಿರಲಿಲ್ಲ. ತಾಜಾ ಮೀನು ಗುರುತಿಸುವುದು ಹೇಗೆ ಅಂದರೆ ಮಾತ್ರ ನನಗೆ ಸುಲಭ. ಉಬ್ಬಿದ, ತಿಳಿಯಾದ ಕಣ್ಣು, ಕೆಂಪು ಕಿವಿರು, ಬೆರಳಿನಿಂದ ಒತ್ತಿದರೆ ಮತ್ತೆ ಮೇಲೆ ಬರುವ ಮೈ. ಕಣ್ಣು ನೋಡುವುದು ನನ್ನ ಕಸುಬೇ ಅಲ್ಲವೇ! ಉಳಿದದ್ದಕ್ಕೆಲ್ಲ ತಡವರಿಸುತ್ತಿದ್ದೆ. ಸಿಗಡಿಯ ಬೆನ್ನಿನ ಕಪ್ಪು ದಾರ ಏನು? ಅದರ ಕರುಳು. ಮೀನು ತಿಂದ ಮೇಲೆ ಹಾಲು ಕುಡಿದರೆ ಚರ್ಮ ಕೆಡುತ್ತದೆಯೇ? ಇದಕ್ಕೆ ನೀನು ಹೇಳುತ್ತಿದ್ದದ್ದನ್ನೇ ಹೇಳಿದೆ: “ನನ್ನ ಇಬ್ಬರು ಮಕ್ಕಳನ್ನೂ ನೋಡಿ, ಕೆಟ್ಟಿದ್ದು ಬುದ್ಧಿ ಮಾತ್ರ.” ಗಿರಾಕಿ ನಕ್ಕಳು, ಆಮೇಲೆ ಆ ಇಬ್ಬರಲ್ಲಿ ಒಬ್ಬಳು ನಾನೇ ಎಂದು ನೆನಪಾಗಿ ನಾನೂ ನಕ್ಕೆ.

ನಿನ್ನ ಹಳೆಯ ಗಿರಾಕಿ, ಶಾಲೆಯ ಮೇಷ್ಟ್ರು ದಿನವೂ ಬರುತ್ತಾರೆ, ಕೊಳ್ಳುವುದಕ್ಕಿಂತ ಕೇಳುವುದೇ ಹೆಚ್ಚು. ಮೀನಿಗೆ ರೆಪ್ಪೆಯಿಲ್ಲ, ಹಾಗಾದರೆ ನಿದ್ದೆ ಹೇಗೆ ಮಾಡುತ್ತದೆ ಎಂದರು. ಕಣ್ಣು ಬಿಟ್ಟುಕೊಂಡೇ ಅಲುಗದೆ ನಿಂತು ಮಾಡುತ್ತದೆ, ನಿಮ್ಮ ತರಗತಿಯ ಹುಡುಗರ ಹಾಗೆ ಎಂದೆ. ಬ್ಯಾಂಕಿನ ಅಕ್ಕ ಈಗ ಬಸುರಿ, ಏನು ತಿನ್ನಬಹುದು ಎಂದು ಕೇಳಿದಳು. ಸುಮ್ಮನೆ ಬಾಯಿಗೆ ಬಂದದ್ದು ಹೇಳಬಾರದೆಂದು ಆಸ್ಪತ್ರೆಯ ನರ್ಸಮ್ಮನನ್ನು ವಿಚಾರಿಸಿ ಬಂದೆ: ಸಣ್ಣ ಮೀನು ಚೆನ್ನಾಗಿ ಬೇಯಿಸಿ ಧಾರಾಳವಾಗಿ ತಿನ್ನಲಿ, ಬೇರೆ ಮೀನುಗಳನ್ನು ತಿಂದು ಬದುಕುವ ಸೊರದಂಥ ದೊಡ್ಡ ಮೀನು ಬೇಡ, ಅದರ ಮೈಯಲ್ಲಿ ಪಾದರಸ ಸೇರಿರುತ್ತದೆ. ಅದೇ ಬ್ಯಾಂಕಿನ ಅಕ್ಕ ಬುಟ್ಟಿಯಲ್ಲಿದ್ದ ಏಡಿಯನ್ನು ನೋಡಿ, “ಇದಕ್ಕೆ ನೋವಾಗುತ್ತಾ?” ಎಂದು ಕೇಳಿದಾಗ ಮಾತ್ರ ನನಗೆ ನಗು ಬರಲಿಲ್ಲ. ಇಲ್ಲ ಎನ್ನುವ ಧೈರ್ಯವಾಗಲಿಲ್ಲ. ಅಂದಿನಿಂದ ಜೀವಂತ ಏಡಿಯ ಕಾಲು ಮುರಿದು ಕೊಡುವುದನ್ನು ನಿಲ್ಲಿಸಿದ್ದೇನೆ. ಐಸಿನಲ್ಲಿಟ್ಟು ಪೂರ್ತಿ ಮರಗಟ್ಟಿಸಿ, ಒಂದೇ ಏಟಿಗೆ ಮುಗಿಸುತ್ತೇನೆ. ತಿನ್ನುವವರು ತಿನ್ನಲಿ, ಒದ್ದಾಡಿಸುವುದು ಯಾಕೆ? ತಡವಾಗುತ್ತದೆಂದು ಗೊಣಗುವವರಿಗೆ ಪಕ್ಕದ ಅಂಗಡಿ ತೋರಿಸುತ್ತೇನೆ.

ಪಕ್ಕದ ಅಂಗಡಿ ಎಂದೊಡನೆ ಸಿಗಡಿ ಮಾವನ ಕಥೆ ಬರೆಯಬೇಕು. ಗಾಬರಿಯಾಗಬೇಡ, ಈಗ ಚೆನ್ನಾಗಿದ್ದಾರೆ. ಮಂಗಳವಾರ ಬೆಳಗಿನ ಜಾವ ದೋಣಿಯವನು ಎರಡು ಮೂಟೆ ಕಪ್ಪೆಚಿಪ್ಪು ತಂದ. ಒಳ್ಳೆಯ ಮಾಲು, ತಟ್ಟಿದರೆ ಬಾಯಿ ಮುಚ್ಚಿಕೊಳ್ಳುವ ಜೀವಂತ ಚಿಪ್ಪು. ಒಂದು ನಾನು ಇಳಿಸಿಕೊಂಡೆ, ಇನ್ನೊಂದು ಮಾವ. ಬಿಸಿಲೇರುವ ಹೊತ್ತಿಗೆ ಮೀನುಗಾರಿಕೆ ಕಚೇರಿಯವರು ಬಂದು ಪೇಟೆಯ ಬಾಗಿಲಿಗೆ ನೋಟಿಸು ಅಂಟಿಸಿದರು. ದಡದ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದೆ, ಮುಂದಿನ ಸೂಚನೆಯವರೆಗೆ ಯಾವ ಚಿಪ್ಪೂ ಮಾರಕೂಡದು, ತಿನ್ನಕೂಡದು ಎಂದು. ಯಾಕೆ ಎಂದು ಕೇಳಿದೆ. ಬಂದವರಲ್ಲಿ ಒಬ್ಬ ಸಮಾಧಾನದಿಂದ ವಿವರಿಸಿದ. ಮೀನಿನ ಹೊಟ್ಟೆ ಬಗೆದು ತೊಳೆದರೆ ತೊಂದರೆಯಿಲ್ಲ. ಚಿಪ್ಪು ಹಾಗಲ್ಲ, ಅದು ಸಮುದ್ರದ ನೀರನ್ನು ಸೋಸಿ ಸೋಸಿ ಬದುಕುವ ಪ್ರಾಣಿ. ನೀರಿನಲ್ಲಿ ಹುಟ್ಟಿದ ವಿಷವೂ ಅದರೊಳಗೇ ಕೂಡಿಕೊಳ್ಳುತ್ತದೆ. ಅದಕ್ಕೆ ಏನೂ ಆಗುವುದಿಲ್ಲ, ತಿಂದವರಿಗೆ ಆಗುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಮಾವ ನಂಬಲಿಲ್ಲ. “ಪ್ರತಿ ವರ್ಷ ಏನಾದ್ರೂ ಒಂದು ಅಂಟಿಸ್ತಾರೆ. ಕುದಿಸಿದ ಮೇಲೆ ಎಂಥಾ ವಿಷಾನೂ ಇರಲ್ಲ. ನಿಮ್ಮಮ್ಮನ ಕೇಳು” ಎಂದರು. ಅಷ್ಟರಲ್ಲಿ ಹೋಟೆಲಿನ ಅಡುಗೆಯವನು ಬಂದ. ನಮ್ಮ ದೊಡ್ಡ ಗಿರಾಕಿ, ನಿನಗೇ ಗೊತ್ತಲ್ಲ. ಎರಡು ಮೂಟೆಯೂ ತನಗೇ ಬೇಕು ಎಂದ. ಕೊಡುವುದಿಲ್ಲ ಎಂದೆ. “ನಿಮ್ಮಮ್ಮ ಆಗಿದ್ರೆ ಹಿಂಗೆ ಮಾಡ್ತಿರ್ಲಿಲ್ಲ” ಎಂದು ಮೂಟೆಯ ಕಿವಿಗೆ ಕೈ ಹಾಕಿದ. ಆ ಮಾತು ಚುಚ್ಚಿತು. ಒಂದು ಗಳಿಗೆ ನಿನಗೆ ಫೋನು ಮಾಡಲೇ ಎಂದುಕೊಂಡೆ. ಆಮೇಲೆ, ಕೇಳುವುದೇನು, ಇದು ನಾನು ಮಾರುವ ಮಾಲು, ನಾಳೆ ಯಾರಾದರೂ ಬಿದ್ದರೆ ಅವರ ಮುಖ ನೋಡಬೇಕಾದವಳೂ ನಾನೇ ಎನ್ನಿಸಿತು. ಕಸಕ್ಕೆ ಹಾಕಿದರೆ ಯಾರಾದರೂ ಆಯ್ದುಕೊಂಡು ಹೋಗುತ್ತಾರಲ್ಲ? ನೆಲ ತೊಳೆಯುವ ಫಿನಾಯಿಲ್ ಡಬ್ಬ ತಂದು ಮೂಟೆಯ ಮೇಲೆ ಪೂರ್ತಿ ಸುರಿದುಬಿಟ್ಟೆ. ಇಡೀ ಪೇಟೆ ಆಸ್ಪತ್ರೆಯಂತೆ ನಾರಿತು. ನನಗೆ ಹುಚ್ಚು ಹಿಡಿದಿದೆ ಎಂದರು. ಅಡುಗೆಯವನು ಇನ್ನು ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದ. ಮಾವ ಅವನನ್ನು ಕರೆದು, “ನಮ್ಮ ಈ ಕಡ್ಡಿ ಚಿಕ್ಕವಳು, ಹೆದರ್ಕೊಂಡಿದ್ದಾಳೆ. ನಾನೇ ಮಧ್ಯಾಹ್ನ ಬೇಯಿಸಿ ತಿಂತೀನಿ. ಸಾಯಂಕಾಲ ಗಟ್ಟಿಯಾಗಿದ್ರೆ ನನ್ನ ಮೂಟೆ ತಗೊಂಡ್ಹೋಗು” ಎಂದರು. ತಿನ್ನಬೇಡಿ ಎಂದು ಕೈ ಮುಗಿದೆ. ಆ ಮನುಷ್ಯ ಕೇಳಬೇಕಲ್ಲ! ನನ್ನೆದುರಿಗೇ ಸ್ಟೌವ್ ಹಚ್ಚಿ, ಕೊತಕೊತ ಕುದಿಸಿ, ಒಂದು ತಟ್ಟೆ ತುಂಬ ತಿಂದು, ಬೆರಳು ಚೀಪಿ ತೋರಿಸಿದರು.

ನಾನು ಮೀನು ಕೊಯ್ಯುತ್ತಿದ್ದರೂ ಕಣ್ಣು ಅವರ ಮೇಲೇ ಇತ್ತು. ಊಟದ ಹೊತ್ತು ಕಳೆದು ಸ್ವಲ್ಪ ಹೊತ್ತಿಗೆ ಮಾವ ಕಟ್ಟೆ ಹಿಡಿದುಕೊಂಡು ನನ್ನ ಕಡೆ ಬಂದರು. “ಕಡ್ಡೀ, ನನ್ನ ತುಟಿ ಇದೆಯೋ ಇಲ್ಲವೋ ನೋಡೇ” ಎಂದರು. ತಮಾಷೆ ಎಂದುಕೊಂಡು ನಗಲು ಹೋದೆ. ಅವರ ಕಣ್ಣು ನೋಡಿ ಕತ್ತಿ ಕೆಳಗಿಟ್ಟೆ. ಬೆರಳುಗಳಿಗೆ ಜೋಮು ಹಿಡಿದಿತ್ತು, ನಾಲಿಗೆ ತೊದಲುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಐಸಿನ ತಳ್ಳುಗಾಡಿ ಖಾಲಿ ಮಾಡಿ ಅದರಲ್ಲೇ ಮಲಗಿಸಿದೆ. ಯಾರು ತಳ್ಳಿದರು ಗೊತ್ತೇ? ಆ ಅಡುಗೆಯವನೇ. ಸಾಯಂಕಾಲದ ತೀರ್ಪು ಕೇಳಲು ಬೇಗನೇ ಬಂದಿದ್ದ. ಇಬ್ಬರೂ ಒಂದೇ ಉಸಿರಿಗೆ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಮಾವನಿಗೆ ಮಾತು ಬರುತ್ತಿರಲಿಲ್ಲ, ಆದರೆ ಎಚ್ಚರವಿತ್ತು, ನನ್ನ ಕೈ ಬಿಡಲಿಲ್ಲ. ಈ ವಿಷಕ್ಕೆ ಮದ್ದಿಲ್ಲವಂತೆ. ಉಸಿರು ನಿಲ್ಲದಂತೆ ನೋಡಿಕೊಂಡರೆ ತಾನಾಗಿಯೇ ಇಳಿಯುತ್ತದಂತೆ. ಉಸಿರಾಟದ ಯಂತ್ರ ಹಾಕಿದರು. ನಾನು ಪೇಟೆಗೆ ವಾಪಸು ಬಂದು, ಮಾವನ ಅಪ್ಪಣೆಗೆ ಕಾಯದೆ, ಅವರ ಮೂಟೆಗೂ ಫಿನಾಯಿಲ್ ಸುರಿದೆ. ಈ ಸಲ ಯಾರೂ ಹುಚ್ಚು ಎನ್ನಲಿಲ್ಲ. ಅಡುಗೆಯವನು ಎರಡನೆಯ ಡಬ್ಬ ತಂದುಕೊಟ್ಟ.

ಗುರುವಾರ ಯಂತ್ರ ತೆಗೆದರು. ಮಾವ ಈಗ ಮನೆಯಲ್ಲಿ ಮಲಗಿಕೊಂಡೇ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಾರೆ, ಅಂದರೆ ವಾಸಿಯಾಗಿದ್ದಾರೆ. ಮೀನನ್ನು ಮಾತ್ರ ಸದ್ಯಕ್ಕೆ ಕಣ್ಣೆತ್ತಿ ನೋಡುವುದಿಲ್ಲವಂತೆ. ನಾನು ತರಕಾರಿ ಸಾರು ಮಾಡಿ ಕೊಟ್ಟು ಬರುತ್ತೇನೆ. ಅವರ ಅಂಗಡಿಯ ಸಿಗಡಿಯನ್ನೂ ನಾನೇ ಮಾರುತ್ತಿದ್ದೇನೆ. ಅಡುಗೆಯವನು ದಿನವೂ ಬರುತ್ತಾನೆ, ಮೆಟ್ಟಿಲು ಹತ್ತಿಯೇ ಬರುತ್ತಾನೆ.

ಅಕ್ಕನಿಗೆ ಮುದ್ದು, ಭಾವನಿಗೆ ನಮಸ್ಕಾರ. ನಿನ್ನ ಎರಡೂ ಪಾದಕ್ಕೆ ನನ್ನ ತಲೆ. ಕೈಗೆ ಬೇಡ, ಅದು ಇನ್ನೂ ನೋಯುತ್ತಿರಬೇಕು.

ನಿನ್ನ ಮಗಳು,
ಕಡ್ಡಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಹೆದರಿಕೆಯಾಗಿತ್ತು. ಇನ್ನು ಕೈಯಲ್ಲಿ ಕತ್ತಿ ಹಿಡಿಯಲಾಗದು, ಅಂಗಡಿಯನ್ನು ನೀವೇ ತೆಗೆದುಕೊಳ್ಳಿ ಎಂದು ನೀನು ಮಾವನಿಗೆ ಮಾತು ಕೊಟ್ಟು ಹೋಗಿದ್ದೆಯಲ್ಲ, ನಿನ್ನೆ ಸಾರಿನ ಪಾತ್ರೆ ಇಳಿಸಿ, ಅಂಗಡಿ ಕೊಡುವುದಿಲ್ಲ, ನಾನೇ ನಡೆಸುತ್ತೇನೆ ಎಂದು ಅವರಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟೆ. ಹುಷಾರಿಲ್ಲದವರಿಗೆ ಹೀಗೆ ಹೇಳುತ್ತೀಯಾ ಎಂದು ಮುಖ ಊದಿಸಿಕೊಂಡರು, ಆದರೆ ಸಾರು ಪೂರ್ತಿ ಕುಡಿದರು. ಕನ್ನಡಕದ ಅಂಗಡಿಗೂ ಇನ್ನು ಬರುವುದಿಲ್ಲ ಎಂದು ತಿಳಿಸಿದ್ದೇನೆ. ನನ್ನ ಕೈಗೆ ಮೀನಿನ ವಾಸನೆ ಹತ್ತಬಾರದೆಂದು ನೀನು ಎಷ್ಟು ಕಷ್ಟಪಟ್ಟು ಓದಿಸಿದೆ ಎನ್ನುವುದು ನನಗೆ ಗೊತ್ತು ಅಮ್ಮಾ. ಬೇಜಾರಾದರೆ ಹೊಟ್ಟೆಗೆ ಹಾಕಿಕೋ. ಕೆಲಸ ಸಿಗಲಿಲ್ಲವೆಂದು ಇಲ್ಲಿ ನಿಂತವಳಲ್ಲ, ಬೇಕು ಎನ್ನಿಸಿ ನಿಂತಿದ್ದೇನೆ. ಭುಜ ವಾಸಿಯಾದ ಮೇಲೆ ಬಾ, ಅವಸರವಿಲ್ಲ. ಬೈಯುವುದಿದ್ದರೆ ಇಲ್ಲಿಗೇ ಬಂದು, ಅಂಗಡಿಯಲ್ಲಿ ಕೂತು, ಗಿರಾಕಿಗಳ ಮುಂದೆ ಬೈಯಿ.