ಎದುರಿನ ವಾರ್ಡಿನ ಸೊನ್ನೆ

ಫೆಬ್ರವರಿ 6, ಮಧ್ಯಾಹ್ನ 2.30

ಮಾತ್ರೆ ಕೊಟ್ಟಾಯ್ತು, ಚಾರ್ಟು ಬರೆದಾಯ್ತು. ಬೋರ್ಡು ಒರೆಸಿ ಹೊಸ ಅಂಕಿ ಹಾಕಿದೆ. ‘ರೋಗಿಗಳು ಬೀಳದೆ ಕಳೆದ ದಿನಗಳು — 88.’ ಖುಷಿಯಾಗಿ ಹಿಂದೆ ತಿರುಗಿದರೆ ಎದುರಿನ ವಾರ್ಡಿನ ಬೋರ್ಡು — 231. ಅದರ ಕೆಳಗೆ ಆ ವಾರ್ಡಿನ ಇನ್‌ಚಾರ್ಜು, ನನ್ನ ಓರಗಿತ್ತಿ. “ಏನಕ್ಕಾ, ಊಟ ಆಯ್ತಾ?” ಇಲ್ಲ. ಆ ಅಂಕಿ ನೋಡೇ ಹೊಟ್ಟೆ ತುಂಬಿತು.

ನಾನು ನರ್ಸಾಗಿ ಹತ್ತೊಂಬತ್ತು ವರ್ಷ. ಅವಳು ಒಂಬತ್ತು. ಮನೆಗೂ ನಾನೇ ದೊಡ್ಡ ಸೊಸೆ. ಆದರೂ ಅತ್ತೆಯ ಬಿ.ಪಿ. ನೋಡೋಕೆ ಹೋದರೆ “ಚಿಕ್ಕವಳು ಬರ್ಲಿ ಬಿಡು, ಅವಳ ಕೈ ಹಗುರ.” ನನ್ನ ಕೈಯೇನು ಒನಕೆಯಾ?

ಫೆಬ್ರವರಿ 9

ಅವಳು ಬಿದ್ದವರ ವಿಷಯ ಮುಚ್ಚಿಡ್ತಾಳೆ. ಇಲ್ಲದಿದ್ದರೆ 234 ಹೇಗೆ? ಥರ್ಮಾಮೀಟರ್ ಕೇಳೋ ನೆಪದಲ್ಲಿ ಹೋಗಿ ಅರ್ಧ ಗಂಟೆ ಕೂತೆ. ಏನೂ ಸಿಗಲಿಲ್ಲ. ಕಂಡಿದ್ದು ಇಷ್ಟೇ — ಅಲ್ಲಿನ ನರ್ಸುಗಳು ಮಂಚ ಮಂಚಕ್ಕೂ ಹೋಗಿ, ರೋಗಿಗಳು ಕರೆಯೋ ಮೊದಲೇ “ಬಾತ್‌ರೂಮಿಗೆ ಹೋಗೋಣ್ವಾ?” ಅಂತ ಕೇಳ್ತಾರೆ. ಕೈ ಹಿಡಿದು ಕರ್ಕೊಂಡು ಹೋಗ್ತಾರೆ. ಎರಡು ಗಂಟೆಗೊಮ್ಮೆಯಂತೆ.

“ನಾವೂ ಹಾಗೇ ಮಾಡೋಣ ಸಿಸ್ಟರ್” ಅಂದಳು ಜೊತೆಯ ನರ್ಸು. ಅವಳ ಎಂಜಲು ನಮಗೆ ಬೇಡ ಅಂದೆ.

ಫೆಬ್ರವರಿ 14

96. ನೂರು ಮುಟ್ಟಿದ ವಾರ್ಡಿನವರ ಫೋಟೋ ಲಿಫ್ಟಿನ ಪಕ್ಕ ಹಾಕ್ತಾರೆ. ಅವಳದ್ದು ಆಗಲೇ ಎರಡಿವೆ — ನೂರಕ್ಕೊಂದು, ಇನ್ನೂರಕ್ಕೊಂದು. ಅದನ್ನ ನೋಡಲಾರದೆ ಮೆಟ್ಟಿಲು ಹತ್ತೋದು ರೂಢಿಯಾಗಿದೆ. ಮಂಡಿ ನೋವು ಬಂತು. ಅದೂ ಅವಳಿಂದಲೇ.

ಫೆಬ್ರವರಿ 16, ಬೆಳಿಗ್ಗೆ 11.15

ಟೋಪಿ ಅಜ್ಜಿ ಬಿದ್ದರು. ಒಂಬತ್ತನೇ ಮಂಚ, ತಲೆಯಿಂದ ಉಣ್ಣೆ ಟೋಪಿ ತೆಗೆಯೋದೇ ಇಲ್ಲ. ಕರೆದರಂತೆ, ಯಾರಿಗೂ ಕೇಳಿಸಿಲ್ಲ. ಒಬ್ಬರೇ ಎದ್ದು ಬಾತ್‌ರೂಮಿಗೆ ಹೊರಟರು. ಬಾಗಿಲ ಚೌಕಟ್ಟಿಗೆ ತಲೆ. ನೋಡಿದ್ದು ನಾನೊಬ್ಬಳೇ, ಎತ್ತಿದ್ದೂ ನಾನೇ. ರಕ್ತ ಇಲ್ಲ, ಬಿ.ಪಿ. ಸರಿಯಿದೆ, ನಗ್ತಾ ಮಾತಾಡಿದರು. “ಯಾರಿಗೂ ಹೇಳ್ಬೇಡ ಮಗಳೇ, ಮಗ ಬೈತಾನೆ.”

ಆದರೆ ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋ ಅಜ್ಜಿ. ಒಳಗೆ ಜಿನುಗಿದರೆ ನಿಲ್ಲಲ್ಲ. ಬಿದ್ದರು ಅಂತ ಬರೆದರೆ ತಕ್ಷಣ ತಲೆಯ ಸ್ಕ್ಯಾನ್ — ಅದು ರೂಲು. ಬರೆದರೆ ಬೋರ್ಡು ಸೊನ್ನೆ — ಅದೂ ರೂಲು.

ಇವತ್ತು 98.

ಅಜ್ಜಿಯೇ ಬೇಡ ಅಂದಿದ್ದಾರೆ...

ಫೆಬ್ರವರಿ 17

ನಮ್ಮಲ್ಲಿ ಆಕ್ಸಿಜನ್ ಪೈಪ್ ರಿಪೇರಿ. ನಾಲ್ಕು ಜನರನ್ನ ಎದುರಿನ ವಾರ್ಡಿಗೆ ಕಳಿಸಿದ್ವಿ. ಅವರಲ್ಲಿ ಟೋಪಿ ಅಜ್ಜಿಯೂ ಒಬ್ಬರು. ಸ್ವಲ್ಪ ಮಂಪರು. ವಯಸ್ಸಾದವರು, ನಿದ್ದೆ ಸಹಜ. ಸಹಜ ಅಂತ ಮೂರು ಸಲ ಹೇಳ್ಕೊಂಡೆ.

ಫೆಬ್ರವರಿ 18, ಸಂಜೆ 4

ನೂರು. ಹನ್ನೊಂದಕ್ಕೆ ಫೋಟೋದವನು ಬಂದ. ಸೆರಗು ಸರಿ ಮಾಡ್ಕೊಳ್ತಿದ್ದೆ, ಓರಗಿತ್ತಿ ಬಂದು ಪಕ್ಕಕ್ಕೆ ಕರೆದಳು.

“ಅಕ್ಕಾ, ಅಜ್ಜಿ ಕೂಗಿದರೂ ಸರಿಯಾಗಿ ಏಳ್ತಿಲ್ಲ. ಟೋಪಿ ತೆಗೆದು ನೋಡಿದೆ, ಕಿವಿ ಹಿಂದೆ ಕಂದಿದೆ. ನಿಮ್ಮಲ್ಲಿ ಬಿದ್ದಿದ್ರಾ?”

“ಇಲ್ಲ” ಅಂದೆ.

ನನ್ನ ಮುಖವನ್ನೇ ನೋಡಿದಳು. ಅವಳಿಗೆ ಗೊತ್ತಾಯ್ತು. ಗೊತ್ತಾಯ್ತು ಅಂತ ನನಗೂ ಗೊತ್ತಾಯ್ತು.

“ಹಾಗಾದ್ರೆ ನಮ್ಮಲ್ಲೇ ಬಿದ್ದಿರ್ಬೇಕು” ಅಂದಳು. ವಾದ ಮಾಡ್ತಾ ನಿಂತರೆ ಹೊತ್ತು ಹೋಗುತ್ತಲ್ಲ. ನಿಂತಲ್ಲೇ ಫಾರ್ಮ್ ತುಂಬಿದಳು. ಹತ್ತು ನಿಮಿಷದಲ್ಲಿ ಅಜ್ಜಿ ಸ್ಕ್ಯಾನಿಗೆ. ತಲೆಯೊಳಗೆ ರಕ್ತ. ಅಲ್ಲಿಂದ ನೇರ ಆಪರೇಷನ್ ಥಿಯೇಟರು.

ಆಮೇಲೆ ಬಂದು 243 ಒರೆಸಿದಳು. ಸೊನ್ನೆ ಬರೆದಳು, ದುಂಡಗೆ. ಅಷ್ಟು ಹೊತ್ತಿಗೆ ನನ್ನ ಫೋಟೋ ತೆಗೆದಾಗಿತ್ತು.

ನಾಚಿಕೆಗೇಡು, ಆದರೂ ಬರೀತೀನಿ. ಆ ಸೊನ್ನೆ ಕಂಡೂ ಹೊಟ್ಟೆ ಉರೀತು. 231ಕ್ಕೂ ಇಷ್ಟು ಉರಿದಿರಲಿಲ್ಲ.

ಫೆಬ್ರವರಿ 19

ಬೆಳಿಗ್ಗೆ ಅಡುಗೆಮನೆ. ಅತ್ತೆ — “ಪಾಪ, ಚಿಕ್ಕವಳದ್ದು ಸೊನ್ನೆಯಂತೆ. ನಿನ್ನದು ನೂರಂತೆ. ಇವತ್ತಾದ್ರೂ ಮುಖದ ಗಂಟು ಬಿಚ್ಚೇ.”

ಅವಳು ಈರುಳ್ಳಿ ಹೆಚ್ತಾ ಇದ್ದಳು. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾದೆ. “ಅಕ್ಕನ ಫೋಟೋ ಚೆನ್ನಾಗಿ ಬಂದಿದೆ ಅತ್ತೆ” ಅಂದಳು. ಕೊಂಕಿಲ್ಲ. ಕೊಂಕಿದ್ದಿದ್ರೆ ಎಷ್ಟೋ ವಾಸಿ, ಜಗಳಾನಾದ್ರೂ ಆಡಬಹುದಿತ್ತು.

ಫೆಬ್ರವರಿ 21, ಮಧ್ಯಾಹ್ನ 3

ಅಜ್ಜಿ ಕಣ್ಣು ಬಿಟ್ಟರು. ಬಲಗೈ ಇನ್ನೂ ಏಳ್ತಿಲ್ಲ, ಎರಡು ದಿನ ಮೊದಲೇ ಸ್ಕ್ಯಾನಿಗೆ ಬಂದಿದ್ರೆ ಕೈ ಉಳೀತಿತ್ತು ಅಂದರು ಡಾಕ್ಟರು. ತಲೆಗೆ ಬ್ಯಾಂಡೇಜು, ಎಡಗೈಯಲ್ಲಿ ಟೋಪಿ. ನಾನು ಹತ್ತಿರ ಬಗ್ಗಿದೆ. ತೊದಲುತ್ತಾ ಅಂದರು — “ನಾನೂ ಯಾರಿಗೂ ಹೇಳಿಲ್ಲ ಮಗಳೇ.”

ಬಂದು ಬೋರ್ಡು ಒರೆಸಿದೆ. 103 ಹೋಗೋಕೆ ಒಂದು ಕ್ಷಣ ಸಾಕಾಯ್ತು. ಫಾರ್ಮ್ ತಂದಿಟ್ಟುಕೊಂಡಿದೀನಿ. ಬಿದ್ದ ಜಾಗ: ನನ್ನ ವಾರ್ಡು. ದಿನ: 16. ನೋಡಿದವರು: ನಾನು. ಕೊನೆಗೆ ‘ತಡವಾಗಿ ತಿಳಿಸಲು ಕಾರಣ’ ಅಂತಿದೆ, ಎರಡೇ ಗೆರೆ ಜಾಗ. ಚಿತ್ತಾಗಬಾರದು, ಮೊದಲು ಇಲ್ಲೇ ಬರೆದು ನೋಡ್ತೀನಿ.

ಕಾರಣ: ನನ್ನ ಓರಗಿತ್ತಿ

ಅಲ್ಲ.

ಕಾರಣ: ನನಗೆ