ಬೆನ್ನಮಣಿಯ ಒಂದು ಕಣ್ಣು

ಕಲ್ಲೋಳಿ
೧೪-೧೧-೨೦೨೪

ತಮ್ಮ ಮಹೇಶನಿಗೆ ಅಕ್ಕ ಶಿವವ್ವನ ಆಶೀರ್ವಾದ.

ನಿಮ್ಮ ಕೂಸಿನ ತೊಟ್ಟಿಲ ಕಾರ್ಯಕ್ಕೆ ನಾವು ಬರಲಿಲ್ಲವೆಂದು ಶೈಲಾ ಮುಖ ಊದಿಸಿಕೊಂಡಿದ್ದಾಳಂತೆ. ಅವಳ ಸಿಟ್ಟು ನ್ಯಾಯವೇ. ಹೆಂಡತಿಯನ್ನು ನೀನೇ ಸಮಾಧಾನ ಮಾಡು, ಅಷ್ಟನ್ನಾದರೂ ಕಲಿತಿರಬೇಕು ನೀನು. ಮನೆಯಲ್ಲಿರುವುದು ಒಂದೇ ಫೋನು, ಅದು ಸದಾ ನಮ್ಮ ಯಜಮಾನರ, ಅಂದರೆ ನಿನ್ನ ಮಾವನ, ಜೇಬಿನಲ್ಲಿ. ಅವರೆದುರು ಹೇಳುವ ಮಾತಲ್ಲ ಇದು. ಅದಕ್ಕೇ ತರಕಾರಿ ಗಾಡಿಯ ಅಣ್ಣಪ್ಪನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಿನ್ನ ಮಾವನ ಬೆನ್ನುನೋವು ಉಳುಕಲ್ಲ, ಮಹೇಶ. ಉಳುಕಾಗಿದ್ದರೆ ಮಲಗಿದಾಗ ಹಗುರಾಗಬೇಕಿತ್ತು. ಇವರದು ಮಲಗಿದರೇ ಏರುತ್ತದೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ. ಅಂಗಿಗಳೆಲ್ಲ ದೊಗಲೆಯಾಗಿವೆ. ಗೋಕಾಕದ ಡಾಕ್ಟರು ಇದನ್ನೆಲ್ಲ ಕೇಳಿ, ಎಕ್ಸರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. “ನೋಡ್ರಿ, ಒಂದೊಂದ ಮಣಿಗೂ ಕಣ್ಣಿನಂಗ ಎರಡ ಗುರ್ತ ಕಾಣತಾವ. ಈ ಮಣಿಗೆ ಒಂದ ಕಣ್ಣ ಇಲ್ಲ. ಎಲುಬ ಒಳಗಿಂದೊಳಗ ಸವದೈತಿ.” ಆಮೇಲೆ ಸ್ಕ್ಯಾನಿನಲ್ಲಿ ಗಂಟು ಕಂಡಿತು. ಅದು ಅಲ್ಲೇ ಹುಟ್ಟಿದ್ದೋ ಮೈಯ ಬೇರೆ ಕಡೆಯಿಂದ ಬಂದದ್ದೋ, ಸೂಜಿ ಹಾಕಿ ಚೂರು ತೆಗೆದು ನೋಡಿದರಷ್ಟೇ ತಿಳಿಯುವುದಂತೆ. “ಅಲ್ಲೀತನಕ ಯಾರೂ ತಿಕ್ಕಬ್ಯಾಡ್ರಿ, ತುಳೀಬ್ಯಾಡ್ರಿ. ಮಣಿ ಕುಸದ್ರ ಕಾಲಿನ ಶಕ್ತಿನ ಹೋಗತೈತಿ” ಎಂದರು.

ಇವರು ಒಪ್ಪಬೇಕಲ್ಲ! “ಸೂಜಿ ಚುಚ್ಚಿದ್ರ ಗಂಟ ಕೆರಳತೈತಿ. ಮಹೇಶ ಕಾಲ ಮುಂದಾಗಿ ಹುಟ್ಟಿದಂವ, ಅಂಥಾಂವ ತುಳದ್ರ ಎಂಥಾ ಬೆನ್ನನೋವೂ ಬಿಡತೈತಿ. ಹ್ವಾದ ವರ್ಷ ಕಬ್ಬ ಹೇರುವಾಗ ಹಿಡಕೊಂಡಿದ್ದ ಬೆನ್ನ, ಅಂವ ಎಡಗಾಲ ಇಟ್ಟ ತುಳದ ಮ್ಯಾಲ ಬಿಡಲಿಲ್ಲೇನ? ಅಂವ ಬರಲಿ” ಎಂದು ಹಟ ಹಿಡಿದು ಕೂತಿದ್ದಾರೆ. ಊರೆಲ್ಲ ನಂಬುವ ನಿನ್ನ ಕಾಲೆಂದರೆ ಈಗ ನನಗೆ ಹೆದರಿಕೆ.

ಹಾಗಂತ ಬರದೆ ಇರಬೇಡ. ನಿನ್ನ ಬಾಯಿಂದ ಕೇಳುವತನಕ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತುವವರಲ್ಲ. ಬಂದು ಒಂದು ಸುಳ್ಳು ಹೇಳು. “ಮಾವಾ, ನನ್ನ ಕಾಲಿನ ಗುಣ ಹೋಗೇತ್ರಿ. ಈಗ ಯಾರಿಗೆ ತುಳದ್ರೂ ಕಡಿಮಿ ಆಗವಲ್ದು. ನೀವು ಸೂಜಿನ ಹಾಕಿಸ್ಕೊರ್ರಿ” ಅನ್ನು. ನಿನಗೆ ಕಷ್ಟವೆಂದು ಗೊತ್ತು. ಬೆಳಗಾದರೆ ಯಮಕನಮರಡಿಯ ಮಂದಿ ಬೆನ್ನು ಹಿಡಿದುಕೊಂಡು ನಿನ್ನ ಬಾಗಿಲಿಗೆ ಬರುತ್ತಾರೆ. ಈ ಮಾತು ಹೊರಬಿದ್ದರೆ ಯಾರೂ ಬರಲಿಕ್ಕಿಲ್ಲ. ಹೋದರೆ ಹೋಗಲಿ ಬಿಡು, ನನಗೆ ನನ್ನ ಗಂಡ ಬೇಕು.

ಕೂಸಿಗೆ ನನ್ನ ಮುತ್ತು. ಶೈಲಾಳ ಕುಂಕುಮ ಗಟ್ಟಿಯಿರಲಿ, ಬಸವಣ್ಣ ನಿಮ್ಮ ಮನೆಯನ್ನು ತಣ್ಣಗಿಡಲಿ.

ನಿನ್ನ ಅಕ್ಕ
ಶಿವವ್ವ

ತಾ.ಕ.: ಕಾಗದ ಮಡಿಸುತ್ತಿದ್ದೆ, ನಿನ್ನ ಮಾವ ಬಸ್‌ಸ್ಟ್ಯಾಂಡಿನಿಂದ ಬಂದರು. ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. “ಇನ್ನೊಂದ ಎಲ್ಲೈತ್ರಿ?” ಎಂದೆ. ಕೆಳಗೆ ನೋಡದೆಯೇ, “ಕಾಲಾಗ ಐತಲ್ಲ” ಎಂದರು. ಮಧ್ಯಾಹ್ನದ ಡಾಂಬರಿನ ಮೇಲೆ ಅಷ್ಟು ದೂರ ಒಂದು ಕಾಲು ಬರಿದಾಗಿಯೇ ನಡೆದಿದ್ದಾರೆ, ಆ ಅಂಗಾಲಿನಲ್ಲಿ ಬೊಬ್ಬೆ ಎದ್ದಿದೆ. ಅವರಿಗೆ ಉರಿಯೇ ತಿಳಿದಿಲ್ಲ. ಅಣ್ಣಪ್ಪ ತಿರುಗಿ ಬರುವಾಗ ಅದೇ ಗಾಡಿಯಲ್ಲಿ ಬಂದುಬಿಡು, ಮಹೇಶ.