ವೆಂಡೆಲ್ ಹೆಸರಿನ ಮೀನುಮರಿ ಕೇಂದ್ರ

ವೆಂಡೆಲ್,

ನೀನು ತೀರಿಕೊಂಡು ವರ್ಷ ತುಂಬುವ ಮೊದಲೇ, ಇವತ್ತು ಲಾರ್ಚ್ ನದಿ ದಂಡೆಯ ಮೀನುಮರಿ ಕೇಂದ್ರಕ್ಕೆ ನಿನ್ನ ಹೆಸರಿಟ್ಟರು.

"ಅಣೆಕಟ್ಟು ಒಡೆಯದೆ ಸಾಲ್ಮನ್ ಮೀನು ಮೊಟ್ಟೆ ಇಡೋಕೆ ಸಮುದ್ರದಿಂದ ಈ ನದಿಗೆ ವಾಪಸ್ ಬರಲ್ಲ" ಅಂದಿದ್ದಕ್ಕೆ ನಿನ್ನನ್ನು ನಿರ್ದೇಶಕನ ಕುರ್ಚಿಯಿಂದ ಇಳಿಸಿದ ಆ ಗವರ್ನರೇ ಬಂದು ಫಲಕದ ಪರದೆ ಸರಿಸಿದ.

"ನಮ್ಮ ಮೀನು ಮತ್ತು ವನ್ಯಜೀವಿ ಇಲಾಖೆಗೆ ಇಂಥ ನಿರ್ದೇಶಕ ಇನ್ನೊಬ್ಬ ಹುಟ್ಟಿಬರಲ್ಲ" ಅಂದ. ಹುಟ್ಟಿಬರದ ಹಾಗೆ ನೋಡಿಕೊಂಡವನೂ ಅವನೇ.

"ಡೋರೀನ್ ಅಮ್ಮ, ನಿಮ್ಮ ಯಜಮಾನರ ಬಗ್ಗೆ ನೀವೂ ಎರಡು ಮಾತಾಡಿ" ಅಂತ ಮೈಕ್ ಕೊಟ್ಟರು. ಗವರ್ನರನ್ನು ಬೈಯಬೇಕೆಂದೇ ಹೋಗಿದ್ದೆ. "ಥ್ಯಾಂಕ್ಸ್" ಅಂದು ಕೂತುಬಿಟ್ಟೆ.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನೀನು ಅಣೆಕಟ್ಟಿನ ಮಾತು ಆಡಿದ ದಿನ ತುಂಬಿದ ಸಭೆಯಲ್ಲಿ ಒಬ್ಬರೂ ಕೈ ತಟ್ಟಲಿಲ್ಲ. ಮೊದಲ ಸಾಲಿನಲ್ಲಿ ನಾನೂ ಇದ್ದೆ.